ಸೊನ್ನೆ ಬರುವ ತನಕ: ಡಾ. ಮಿನ್ ಚಿಯು ಲಿ

ತುಕ್ಕಾನಟ್ಟಿ ಕಡೆ ಕಬ್ಬಿನ ಹೊಲ ನೋಡಿದವರಿಗೆ ಜೇಕಿನ ಕಾಟ ಗೊತ್ತೇ ಇರುತ್ತದೆ. ಮೇಲಿನ ಹುಲ್ಲು ಕಿತ್ತರೆ ಹೊಲ ಸ್ವಚ್ಛ ಕಾಣುತ್ತದೆ. ಮಣ್ಣೊಳಗೆ ಒಂದು ಗಡ್ಡೆ ಉಳಿದರೂ ಸಾಕು, ಮತ್ತೆ ಚಿಗುರುತ್ತದೆ. ಕ್ಯಾನ್ಸರ್ ವಿಷಯದಲ್ಲಿ ಇದೇ ಮಾತು ಹಿಡಿದು ಕೂತು ಕೆಲಸ ಕಳೆದುಕೊಂಡ ವೈದ್ಯರೊಬ್ಬರ ಕಥೆಯನ್ನು ಈ ಸಲ ಹೇಳುತ್ತೇವೆ. ನಮ್ಮ ವಯಸ್ಸಿನ ಹುಡುಗರಿಗೇ ಹೆಚ್ಚಾಗಿ ಬರುವ ವೃಷಣದ ಕ್ಯಾನ್ಸರ್‌ಗೂ ಈ ಕಥೆಗೂ ನೇರ ಸಂಬಂಧ ಇದೆ.

ಮಿನ್ ಚಿಯು ಲಿ ಹುಟ್ಟಿದ್ದು 1919ರಲ್ಲಿ, ಚೀನಾದಲ್ಲಿ. ಅಲ್ಲೇ ವೈದ್ಯಕೀಯ ಓದಿ, 1947ರಲ್ಲಿ ಮುಂದಿನ ಓದಿಗೆ ಅಮೆರಿಕಕ್ಕೆ ಹೋದರು. ಅಷ್ಟರಲ್ಲಿ ಊರ ಕಡೆ ಅಂತರ್ಯುದ್ಧ ಜೋರಾಯಿತು, ಸರ್ಕಾರವೇ ಬದಲಾಯಿತು. ಲಿ ಅಲ್ಲೇ ಉಳಿದರು. 1955ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸೇರಿ ರಾಯ್ ಹರ್ಟ್ಜ್ ಜೊತೆ ಕೆಲಸ ಶುರು ಮಾಡಿದರು.

ಕೋರಿಯೋಕಾರ್ಸಿನೋಮ ಅಂತ ಒಂದು ಕ್ಯಾನ್ಸರ್. ಗರ್ಭದ ಮಾಸಿನ ಕೋಶಗಳಿಂದ ಹುಟ್ಟಿ ಶ್ವಾಸಕೋಶಕ್ಕೆ ಹರಡುತ್ತದೆ. ಆಗ ಅದು ಹರಡಿತೆಂದರೆ ಬದುಕುವ ಆಸೆ ಬಿಡಬೇಕಿತ್ತು. 1956ರಲ್ಲಿ ಲಿ ಅಂಥ ರೋಗಿಗೆ ಮೆಥೋಟ್ರೆಕ್ಸೇಟ್ ಕೊಟ್ಟರು. ನಮ್ಮ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದಲ್ಲಿ ಲೆಡರ್ಲೆ ಪ್ರಯೋಗಾಲಯದಲ್ಲಿ ತಯಾರಾದ ಔಷಧಿ ಅದು. ಎಕ್ಸ್‌ರೇಯಲ್ಲಿ ಗಡ್ಡೆಗಳು ಮಾಯ! ಎಲ್ಲರಿಗೂ ಖುಷಿ.

ಲಿ ಮಾತ್ರ ನಿಲ್ಲಿಸಲಿಲ್ಲ. ಆ ಕ್ಯಾನ್ಸರ್ ಎಚ್‌ಸಿಜಿ ಎಂಬ ಹಾರ್ಮೋನ್ ಬಿಡುತ್ತದೆ. ಗರ್ಭಿಣಿಯರ ಪರೀಕ್ಷೆಯಲ್ಲಿ ನೋಡುತ್ತಾರಲ್ಲ, ಅದೇ. ಅದರ ಅಳತೆ ಇನ್ನೂ ಸೊನ್ನೆಗೆ ಇಳಿದಿರಲಿಲ್ಲ. ಅಳತೆ ಇದೆ ಅಂದರೆ ಎಲ್ಲೋ ಕೋಶ ಉಳಿದಿದೆ ಅಂತ ಅವರ ಲೆಕ್ಕ. ಗಡ್ಡೆ ಕಾಣದವರಿಗೂ ಸುತ್ತಿನ ಮೇಲೆ ಸುತ್ತು ಔಷಧಿ ಕೊಟ್ಟರು. ಬರೀ ಒಂದು ಸಂಖ್ಯೆಗಾಗಿ ರೋಗಿಗಳಿಗೆ ವಿಷ ಕೊಡುತ್ತಿದ್ದಾನೆ ಅಂತ ಮೇಲಿನವರಿಗೆ ಅನಿಸಿತು. 1957ರಲ್ಲಿ ಕೆಲಸದಿಂದ ತೆಗೆದರು.

ಕಾಲ ಕಳೆದಂತೆ ನಿಜ ಹೊರಬಿತ್ತು. ಬೇಗ ಔಷಧಿ ನಿಲ್ಲಿಸಿದವರಲ್ಲಿ ರೋಗ ತಿರುಗಿ ಬಂತು. ಸೊನ್ನೆ ತನಕ ಔಷಧಿ ಪಡೆದವರಲ್ಲಿ ಬರಲಿಲ್ಲ.

ಲಿ ನ್ಯೂಯಾರ್ಕಿಗೆ ಹೋಗಿ, ಹರಡಿದ ವೃಷಣದ ಕ್ಯಾನ್ಸರ್‌ಗೆ ಮೂರು ಔಷಧಿ ಕೂಡಿಸಿ ಕೊಟ್ಟು ನೋಡಿದರು. ಆ ಕ್ಯಾನ್ಸರ್‌ನ ಕೆಲವು ಬಗೆಗಳೂ ಎಚ್‌ಸಿಜಿ ಬಿಡುತ್ತವೆ. ಕೆಲವರಲ್ಲಿ ಗಡ್ಡೆ ಪೂರ್ತಿ ಕರಗಿದ್ದನ್ನು 1960ರಲ್ಲಿ ಪ್ರಕಟಿಸಿದರು. 1972ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. 1980ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಸಿಸ್‌ಪ್ಲಾಟಿನ್ ಬಂದು, ಹರಡಿದ ವೃಷಣದ ಕ್ಯಾನ್ಸರ್ ಕೂಡ ಬಹುಪಾಲು ವಾಸಿಯಾಗುವ ರೋಗವಾಗಿತ್ತು.

ಮೇಲಿನವರ ಅಂಜಿಕೆಯೂ ಪೂರ್ತಿ ಸುಳ್ಳಲ್ಲ. ಔಷಧಿ ನಿಜಕ್ಕೂ ಖಾರ. ಸಿಸ್‌ಪ್ಲಾಟಿನ್‌ನಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಕಿವಿಯಲ್ಲಿ ಗುಂಯ್ ಅನ್ನಬಹುದು, ಬೆರಳು ಜೋಮು ಹಿಡಿಯಬಹುದು. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ತೊಂದರೆ ಕೊಡಬಹುದು. ವೀರ್ಯಾಣು ಕಡಿಮೆಯಾಗಬಹುದು, ಅದಕ್ಕೇ ಕೀಮೋಗೆ ಮೊದಲೇ ವೀರ್ಯ ಕಾಪಿಡುವ ಬಗ್ಗೆ ಕೇಳಬೇಕು. ಇದರಲ್ಲಿ ನಾಚಿಕೆ ಏನೂ ಇಲ್ಲ. ವರ್ಷಗಳ ನಂತರ ಬಿಪಿ, ಹೃದಯದ ತೊಂದರೆ, ಟೆಸ್ಟೋಸ್ಟೆರಾನ್ ಕೊರತೆ ಕಾಣಿಸಬಹುದು. ಒಂದು ವೃಷಣ ತೆಗೆದರೂ ಇನ್ನೊಂದು ಸಾಮಾನ್ಯವಾಗಿ ಸಾಕಾಗುತ್ತದೆ. ಅದನ್ನೂ ಆಗಾಗ ಮುಟ್ಟಿ ನೋಡಿಕೊಳ್ಳಬೇಕು.

ಚಿಕಿತ್ಸೆ ಮುಗಿದ ಮೇಲೆ ಆಸ್ಪತ್ರೆ ಮರೆಯುವವರೇ ಹೆಚ್ಚು. ತುಕ್ಕಾನಟ್ಟಿಯಿಂದ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗೋದು ಅಂದರೆ ಒಂದು ದಿನದ ಕೂಲಿ ಹೋಯಿತು, ಕಬ್ಬಿನ ಕಟಾವು ನಿಂತಿತು. ನಮಗಾದರೆ ಇಂಟರ್ನಲ್ಸ್ ನೆಪ. ಆದರೆ ತಿರುಗಿ ಬರುವ ರೋಗ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಬರುತ್ತದೆ. ರಕ್ತದ ಅಳತೆ, ಸ್ಕ್ಯಾನ್ ಮಾಡಿಸಿದರೆ ಬೇಗ ಸಿಗುತ್ತದೆ, ಆಗಲೂ ವಾಸಿಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಲಿ ಒಂದು ಸಂಖ್ಯೆಗಾಗಿ ಕೆಲಸವನ್ನೇ ಕಳೆದುಕೊಂಡರು. ಅದೇ ಸಂಖ್ಯೆ ನೋಡಿಸಿಕೊಳ್ಳಲು ನಮಗೆ ಒಂದು ದಿನದ ರಜೆ ಸಾಕು.

ಗೆಳೆಯರೇ, ನೋವಿಲ್ಲದ ಗಂಟು ಕೈಗೆ ಸಿಕ್ಕರೆ ರೂಮ್‌ಮೇಟ್‌ಗಾದರೂ ಹೇಳಿ. ಅವನ ಜೊತೆ ಇವತ್ತೇ ಡಾಕ್ಟರ್ ಹತ್ತಿರ ಹೋಗಿ.