ರೇಸ್ ಡ್ರೈವರ್‌ಗಳಿಗೆ ಭಯವೇ ಆಗುವುದಿಲ್ಲವೇ? ಫಿಲ್ ಹಿಲ್ ಬದುಕು ಹೇಳುವ ಸತ್ಯ

ಗಂಟೆಗೆ 200 ಕಿ.ಮೀ. ದಾಟಿ ಕಾರು ಓಡಿಸುವವರಿಗೆ ಹೆದರಿಕೆಯೇ ಇರುವುದಿಲ್ಲ, ಅವರು ಹುಟ್ಟಿನಿಂದಲೇ ಗಟ್ಟಿ ಗುಂಡಿಗೆಯವರು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ? ಉತ್ತರಕ್ಕಾಗಿ 1961ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಫಿಲ್ ಹಿಲ್ ಅವರ ಬದುಕನ್ನು ನೋಡೋಣ.

ಮೊದಲೇ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. 1962 ಮತ್ತು 1968ರ ಚಾಂಪಿಯನ್ ಗ್ರಹಾಂ ಹಿಲ್ ಬ್ರಿಟನ್ನಿನವರು. ಫಿಲ್ ಹಿಲ್ ಅಮೆರಿಕದವರು. ಹೆಸರು ಒಂದೇ ಆದರೂ ಇಬ್ಬರೂ ಸಂಬಂಧಿಕರಲ್ಲ.

ಹೊಟ್ಟೆ ಹುಣ್ಣು, ರೇಸ್‌ಗೆ ರಜೆ

1927ರಲ್ಲಿ ಹುಟ್ಟಿದ ಫಿಲ್ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ರೇಸ್ ಶುರುವಾಗುವ ಮುನ್ನ ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅತ್ತಿಂದಿತ್ತ ನಡೆಯುವುದು, ಕನ್ನಡಕವನ್ನು ಮತ್ತೆ ಮತ್ತೆ ಒರೆಸುವುದು ನಡೆದೇ ಇರುತ್ತಿತ್ತು. 1950ರ ದಶಕದ ಮಧ್ಯದಲ್ಲಿ ಹೊಟ್ಟೆ ಹುಣ್ಣು ಕಾಡಿದಾಗ ವೈದ್ಯರ ಮಾತು ಕೇಳಿ ಕೆಲವು ತಿಂಗಳು ರೇಸ್ ಬಿಟ್ಟರು. ಆದರೆ ಮತ್ತೆ ಮರಳಿದರು.

1958ರಲ್ಲಿ ಫ್ರಾನ್ಸ್‌ನ ಲೆ ಮಾನ್‌ನಲ್ಲಿ 24 ಗಂಟೆಗಳ ರೇಸ್ ನಡೆಯಿತು. ಇಬ್ಬರು ಡ್ರೈವರ್‌ಗಳು ಸರದಿಯಂತೆ ಒಂದೇ ಕಾರು ಓಡಿಸುವ ಪಂದ್ಯ ಅದು. ರಾತ್ರಿ, ಜೋರು ಮಳೆ, ಎದುರಿನ ರಸ್ತೆ ಸರಿಯಾಗಿ ಕಾಣದ ಸ್ಥಿತಿ. ಅಲ್ಲಿ ಹಿಲ್ ಮತ್ತು ಬೆಲ್ಜಿಯಂನ ಒಲಿವಿಯರ್ ಜೆಂಡೆಬಿಯನ್ ಗೆದ್ದರು. 1961 ಮತ್ತು 1962ರಲ್ಲೂ ಇದೇ ಜೋಡಿ ಗೆದ್ದಿತು.

ಗೆದ್ದರೂ ಸಂಭ್ರಮವಿಲ್ಲ

ಅದೇ 1958ರಲ್ಲಿ ಫೆರಾರಿ ತಂಡದ ಲುಯಿಜಿ ಮುಸ್ಸೊ ಮತ್ತು ಪೀಟರ್ ಕಾಲಿನ್ಸ್ ರೇಸ್ ಅಪಘಾತಗಳಲ್ಲಿ ತೀರಿಕೊಂಡರು. ಅದಾದ ಮೇಲೆಯೇ ಹಿಲ್‌ಗೆ ಫೆರಾರಿಯ ಫಾರ್ಮುಲಾ ಒನ್ ಕಾರು ಸಿಕ್ಕಿತು. ಇದು ಒಬ್ಬರೇ ಕೂರುವ, ಚಕ್ರಗಳು ಹೊರಗೆ ಕಾಣುವ ಕಾರು. ಆ ಸೀಟಿನಲ್ಲಿ ಕೂರುವುದು ಎಷ್ಟು ಅಪಾಯ ಎಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

1961ರ ಸೆಪ್ಟೆಂಬರ್ 10ರಂದು ಇಟಲಿಯ ಮೊಂಜಾದಲ್ಲಿ ಹಿಲ್ ಗೆದ್ದು, ಒಂದೇ ಒಂದು ಅಂಕದ ಅಂತರದಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಪ್ರಶಸ್ತಿಗೆ ಅವರೊಂದಿಗೆ ಪೈಪೋಟಿಯಲ್ಲಿದ್ದ ತಂಡದ ಜೊತೆಗಾರ ವಾನ್ ಟ್ರಿಪ್ಸ್ ಅದೇ ರೇಸ್‌ನಲ್ಲಿ ಮೃತಪಟ್ಟಿದ್ದರು. 15 ಪ್ರೇಕ್ಷಕರೂ ಜೀವ ಕಳೆದುಕೊಂಡರು. ಹಿಲ್‌ಗೆ ಈ ಸುದ್ದಿ ತಿಳಿದದ್ದು ರೇಸ್ ಮುಗಿದ ಮೇಲೆ. ಫೆರಾರಿ ತಂಡ ಅಮೆರಿಕದ ಕೊನೆಯ ರೇಸ್‌ಗೆ ಹೋಗಲಿಲ್ಲ. ಹೀಗಾಗಿ ಹೊಸ ಚಾಂಪಿಯನ್‌ಗೆ ತನ್ನ ದೇಶದ ಜನರ ಮುಂದೆ ಓಡಿಸುವ ಅವಕಾಶವೂ ತಪ್ಪಿತು.

1967ರಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನ ಆರು ಗಂಟೆಗಳ ರೇಸ್ ಗೆದ್ದು, 40ನೇ ವಯಸ್ಸಿಗೆ ನಿಲ್ಲಿಸಿದರು. ಬಳಿಕ ಎಬಿಸಿ ಟಿವಿಯ ಕ್ರೀಡಾ ಕಾರ್ಯಕ್ರಮದಲ್ಲಿ ರೇಸ್ ವೀಕ್ಷಕ ವಿವರಣೆ ನೀಡಿದರು, ಹಳೆಯ ಕಾರುಗಳನ್ನು ದುರಸ್ತಿ ಮಾಡಿದರು. 2008ರಲ್ಲಿ, 81ನೇ ವಯಸ್ಸಿನಲ್ಲಿ ನಿಧನರಾದರು.

ವಿಜ್ಞಾನ ಏನು ಹೇಳುತ್ತದೆ?

ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚುತ್ತದೆ, ಎದೆಬಡಿತ ಏರುತ್ತದೆ, ಮೈಯೆಲ್ಲ ಎಚ್ಚರವಾಗುತ್ತದೆ. ಇದು ದೌರ್ಬಲ್ಯವಲ್ಲ, ದೇಹದ ರಕ್ಷಣಾ ವ್ಯವಸ್ಥೆ. ಹಿಲ್‌ಗೂ ಇದೆಲ್ಲ ಆಗುತ್ತಿತ್ತು. ಹೆದರಿಕೊಂಡೇ ಅವರು ಚಾಂಪಿಯನ್ ಆದರು.

ಹಾಗಾದರೆ ಹೊಟ್ಟೆ ಹುಣ್ಣು ಟೆನ್ಷನ್‌ನಿಂದಲೇ ಬಂತೇ? ಆಗ ವೈದ್ಯರೂ ಸಾಮಾನ್ಯವಾಗಿ ಹಾಗೇ ನಂಬಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಹೆಚ್ಚಿನ ಹುಣ್ಣುಗಳಿಗೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಕೆಲವು ನೋವಿನ ಮಾತ್ರೆಗಳನ್ನು ಹೆಚ್ಚು ದಿನ ನುಂಗುವುದು ಇನ್ನೊಂದು ದೊಡ್ಡ ಕಾರಣ. ಟೆನ್ಷನ್ ನೋವು, ಉರಿಯನ್ನು ಹೆಚ್ಚಿಸಬಹುದು ಅಷ್ಟೆ.

ಹಾಗಾಗಿ ಹೊಟ್ಟೆ ಉರಿ, ನೋವು ಬಿಡದೆ ಕಾಡುತ್ತಿದ್ದರೆ ಟೆನ್ಷನ್ ಎಂದು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಪರೀಕ್ಷೆಯೂ ಇದೆ, ಔಷಧಿಯೂ ಇದೆ. ಇನ್ನು ಪರೀಕ್ಷೆಗೋ, ಸಂದರ್ಶನಕ್ಕೋ ಹೊರಟ ಮಗ, ಮಗಳು ಹೆದರಿದರೆ ಬೈಯುವ ಮುನ್ನ ಫಿಲ್ ಹಿಲ್ ಕಥೆ ಹೇಳಿ.