ವಿಪಲ್ ಆಪರೇಷನ್‌ಗೆ ಆ ಹೆಸರು ಬಂದದ್ದು ಹೇಗೆ? ಸರ್ಜರಿಯನ್ನೂ ಸಂಶೋಧನೆಯನ್ನೂ ಜೊತೆಗೆ ನಡೆಸಿದ ಡಾ. ಅಲೆನ್ ವಿಪಲ್ ಕಥೆ

ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಸಾಯುವ ಮುನ್ನ ಹೇಳಿದ್ದು ಎನ್ನಲಾದ ಉದ್ದನೆಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಒಮ್ಮೆಯಾದರೂ ಬಂದಿರುತ್ತದೆ. ಹಣದಿಂದ ಏನೂ ಸಿಗಲಿಲ್ಲ, ಆರೋಗ್ಯವೇ ಭಾಗ್ಯ ಎಂಬ ಅರ್ಥದ ಸಂದೇಶ ಅದು. ಸಂದೇಶ ಚೆನ್ನಾಗಿದೆ, ಆದರೆ ಅದು ಜಾಬ್ಸ್ ಅವರದಲ್ಲ. ಬೇರೆ ಯಾರೋ ಬರೆದು ಅವರ ಹೆಸರು ಅಂಟಿಸಿದ್ದಾರೆ.

ಈ ಸುಳ್ಳಿನ ಹಿಂದೆ ಒಂದು ನಿಜ ಮುಚ್ಚಿಹೋಗಿದೆ. 2003ರಲ್ಲಿ ಜಾಬ್ಸ್ ಅವರ ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ, ಗಡ್ಡೆ ಇರುವುದು ಗೊತ್ತಾಯಿತು. ವೈದ್ಯರು ಆಪರೇಷನ್ ಮಾಡಿಸಿಕೊಳ್ಳಲು ಹೇಳಿದರು. ಅವರು ಒಪ್ಪದೆ ಸುಮಾರು ಒಂಬತ್ತು ತಿಂಗಳು ಪಥ್ಯ ಮತ್ತು ಬದಲಿ ಚಿಕಿತ್ಸೆಗಳನ್ನು ನಂಬಿದರು. ಕೊನೆಗೆ 2004ರ ಜುಲೈನಲ್ಲಿ ಆಪರೇಷನ್ ಆಯಿತು. 2011ರಲ್ಲಿ ಅವರು ತೀರಿಕೊಂಡರು. ಬೇಗ ಆಪರೇಷನ್ ಮಾಡಿಸಿದ್ದರೆ ಉಳಿಯುತ್ತಿದ್ದರೇ ಎಂದು ಖಚಿತವಾಗಿ ಯಾರೂ ಹೇಳಲಾಗದು. ಅವರಿಗೆ ಆದದ್ದು ವಿಪಲ್ ಆಪರೇಷನ್ನಿನ ಒಂದು ರೂಪ. ಇಂದು ನಾವು ಹೇಳಹೊರಟಿರುವುದು ಆ ಹೆಸರಿನ ಹಿಂದಿರುವ ಮನುಷ್ಯನ ಕಥೆ.

ಮೊದಲು ಒಂದು ಗೊಂದಲ ಬಗೆಹರಿಸೋಣ

ವೈದ್ಯಕೀಯ ಚರಿತ್ರೆಯಲ್ಲಿ ಇಬ್ಬರು ವಿಪಲ್‌ಗಳಿದ್ದಾರೆ. ರಕ್ತಹೀನತೆಗೆ ಲಿವರ್ ಚಿಕಿತ್ಸೆ ಕುರಿತ ಕೆಲಸಕ್ಕಾಗಿ 1934ರ ನೊಬೆಲ್ ಪಡೆದವರು ಜಾರ್ಜ್ ಹಾಯ್ಟ್ ವಿಪಲ್. ವಿಪಲ್ ಕಾಯಿಲೆ ಎಂಬ ಹೆಸರೂ ಅವರದೇ. ವಿಪಲ್ ಆಪರೇಷನ್ನಿನವರು ಅಲೆನ್ ಓಲ್ಡ್‌ಫಾದರ್ ವಿಪಲ್. ಇವರಿಗೆ ನೊಬೆಲ್ ಬಂದಿಲ್ಲ. ಇಬ್ಬರನ್ನೂ ಒಬ್ಬರೇ ಎಂದುಕೊಳ್ಳುವ ತಪ್ಪು ಸಾಮಾನ್ಯ.

ಪರ್ಷಿಯಾದಿಂದ ನ್ಯೂಯಾರ್ಕ್‌ಗೆ

ಅಲೆನ್ ವಿಪಲ್ ಹುಟ್ಟಿದ್ದು 1881ರಲ್ಲಿ, ಇಂದಿನ ಇರಾನ್‌ಗೆ ಸೇರಿದ ಉರ್ಮಿಯಾದಲ್ಲಿ. ತಂದೆ ತಾಯಿ ಅಮೆರಿಕದಿಂದ ಬಂದಿದ್ದ ಮಿಷನರಿಗಳು. ಹಲವು ಭಾಷೆಗಳು ಕಿವಿಗೆ ಬೀಳುವ ಊರಿನಲ್ಲಿ ಬೆಳೆದ ಹುಡುಗ ಮುಂದೆ ಅಮೆರಿಕಕ್ಕೆ ಹೋಗಿ, 1904ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪದವಿ ಮುಗಿಸಿ, 1908ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯನಾದ. ಪರ್ಷಿಯಾದ ನಂಟು ಕೊನೆಯವರೆಗೂ ಉಳಿಯಿತು. ವಯಸ್ಸಾದ ಮೇಲೆ ಅವರು ಆ ಭಾಗದ ವೈದ್ಯಕೀಯ ಚರಿತ್ರೆಯ ಬಗ್ಗೆಯೂ ಬರೆದರು.

1921ರಲ್ಲಿ ವಿಪಲ್ ಕೊಲಂಬಿಯಾದಲ್ಲಿ ಸರ್ಜರಿ ಪ್ರೊಫೆಸರ್ ಆದರು. ಪ್ರೆಸ್ಬಿಟೇರಿಯನ್ ಆಸ್ಪತ್ರೆಯ ಸರ್ಜರಿ ವಿಭಾಗವೂ ಅವರ ಕೈಗೆ ಬಂತು. 1946ರವರೆಗೆ, ಅಂದರೆ ಕಾಲು ಶತಮಾನ, ಅವರು ಅದನ್ನು ನಡೆಸಿದರು.

ಆ ಕಾಲದಲ್ಲಿ ಒಳ್ಳೆಯ ಸರ್ಜನ್ ಅಂದರೆ ಕೈಚಳಕ ಇರುವವನು, ಬೇಗ ಮುಗಿಸುವವನು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ವಿಪಲ್ ಇನ್ನೊಂದು ದಾರಿ ಹಿಡಿದರು. ಗುಲ್ಮ, ಅಂದರೆ ಸ್ಪ್ಲೀನ್, ಕಾಯಿಲೆಗಳಿಗಾಗಿ ಅವರು ಶುರುಮಾಡಿದ ಕ್ಲಿನಿಕ್ಕಿನಲ್ಲಿ ಸರ್ಜನ್‌ಗಳು, ಫಿಸಿಷಿಯನ್‌ಗಳು, ಪೆಥಾಲಜಿಸ್ಟ್‌ಗಳು ಒಂದೇ ರೋಗಿಯನ್ನು ಒಟ್ಟಿಗೆ ನೋಡುತ್ತಿದ್ದರು. ಆಪರೇಷನ್ ಆದ ಮೇಲೂ ರೋಗಿಗೆ ಏನಾಯಿತು ಎಂದು ವರ್ಷಗಟ್ಟಲೆ ಬರೆದಿಡುತ್ತಿದ್ದರು.

ಸಕ್ಕರೆ ಕಡಿಮೆಯಾಗಿ ಕುಸಿಯುತ್ತಿದ್ದ ರೋಗಿಗಳು

ಪ್ಯಾಂಕ್ರಿಯಾಸ್ ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿರುವ ಅಂಗ. ಅದಕ್ಕೆ ಎರಡು ಕೆಲಸ. ಊಟ ಅರಗಿಸುವ ರಸವನ್ನು ಕರುಳಿಗೆ ಕಳಿಸುವುದು ಒಂದು, ಇನ್ಸುಲಿನ್‌ನಂಥ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು ಇನ್ನೊಂದು. ಕೆಲವರಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳಲ್ಲೇ ಗಡ್ಡೆ ಬೆಳೆದು, ಇನ್ಸುಲಿನ್ ವಿಪರೀತವಾಗಿ ಹರಿಯುತ್ತದೆ. ಅಂಥವರು ಉಪವಾಸವಿದ್ದಾಗ ಬೆವರಿ, ತೊದಲಿ, ಪ್ರಜ್ಞೆ ತಪ್ಪುತ್ತಾರೆ. ನೋಡಿದವರಿಗೆ ಮೂರ್ಛೆರೋಗವೋ ಮಾನಸಿಕ ಕಾಯಿಲೆಯೋ ಎನಿಸಬಹುದು.

ಯಾರ ಹೊಟ್ಟೆ ತೆರೆಯಬೇಕು, ಯಾರದನ್ನು ತೆರೆಯಬಾರದು ಎಂದು ತೀರ್ಮಾನಿಸಲು ವಿಪಲ್ ಮೂರು ಸರಳ ಪ್ರಶ್ನೆ ಮುಂದಿಟ್ಟರು. ಉಪವಾಸ ಅಥವಾ ಶ್ರಮದ ನಂತರ ಈ ಲಕ್ಷಣಗಳು ಬರುತ್ತವೆಯೇ? ಆ ಹೊತ್ತಿನಲ್ಲಿ ರಕ್ತದ ಸಕ್ಕರೆ ನಿಜವಾಗಿಯೂ ಕಡಿಮೆ ಇದೆಯೇ? ಗ್ಲೂಕೋಸ್ ಕೊಟ್ಟರೆ ಸರಿಹೋಗುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಮಾತ್ರ ಮುಂದಿನ ಹೆಜ್ಜೆ. ವಿಪಲ್ ಟ್ರಯಡ್ ಎಂಬ ಈ ನಿಯಮವನ್ನು ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಆಪರೇಷನ್ ಮಾಡುವುದಕ್ಕಿಂತ, ಬೇಡದ ಆಪರೇಷನ್ ತಪ್ಪಿಸುವುದಕ್ಕೆ ಹುಟ್ಟಿದ ನಿಯಮ ಇದು.

ಈ ಗಡ್ಡೆಗಳ ಬಗ್ಗೆ 1935ರಲ್ಲಿ ವಿಪಲ್ ಜೊತೆ ಸೇರಿ ಬರೆದವರು ಡಾ. ವರ್ಜಿನಿಯಾ ನೀಲೆಂಡ್ ಫ್ರಾಂಟ್ಸ್. ಅದೇ ಆಸ್ಪತ್ರೆಯಲ್ಲಿ ಸರ್ಜರಿ ತರಬೇತಿ ಪಡೆದು, ಆಮೇಲೆ ಆಪರೇಷನ್ನಿನಲ್ಲಿ ತೆಗೆದ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ಓದುವ ಪೆಥಾಲಜಿಗೆ ಹೋದವರು. ಚಾಕು ಹಿಡಿದು ಕಲಿತವರೇ ಲ್ಯಾಬಿನಲ್ಲಿ ಕೂತು ಗಡ್ಡೆಯನ್ನು ಅರ್ಥಮಾಡಿಕೊಂಡಾಗ, ಆಪರೇಷನ್ ಕೊಠಡಿಗೆ ಏನು ಬೇಕು ಎಂಬುದು ಲ್ಯಾಬಿಗೆ ಗೊತ್ತಿರುತ್ತದೆ.

ಮೊದಲ ಆಪರೇಷನ್‌ಗಳು ಮತ್ತು ಸಾವುಗಳು

ವಿಪಲ್ ಈ ಆಪರೇಷನ್ನನ್ನು ಮೊದಲು ಮಾಡಿದವರು ಎಂದು ಹಲವು ಕಡೆ ಓದುತ್ತೀರಿ. ಅದು ಪೂರ್ತಿ ಸರಿಯಲ್ಲ. 1898ರಲ್ಲಿ ಇಟಲಿಯ ಅಲೆಸಾಂಡ್ರೊ ಕೋಡಿವಿಲ್ಲಾ ಇಂಥದ್ದನ್ನು ಪ್ರಯತ್ನಿಸಿದ್ದರು, ರೋಗಿ ಕೆಲವು ವಾರಗಳಲ್ಲಿ ತೀರಿಕೊಂಡರು. 1909ರಲ್ಲಿ ಬರ್ಲಿನ್‌ನ ವಾಲ್ಟರ್ ಕೌಶ್ ಎರಡು ಹಂತಗಳಲ್ಲಿ ಮಾಡಿದ ಆಪರೇಷನ್ ಯಶಸ್ವಿಯಾಗಿತ್ತು, ರೋಗಿ ಕೆಲವು ತಿಂಗಳು ಬದುಕಿದರು. ಹಾಗಾಗಿ ಇದನ್ನು ಕೌಶ್-ವಿಪಲ್ ಆಪರೇಷನ್ ಎಂದು ಕರೆಯುವವರೂ ಇದ್ದಾರೆ. ಆದರೂ ಇಪ್ಪತ್ತೈದು ವರ್ಷ ಅದು ರೂಢಿಗೆ ಬರಲಿಲ್ಲ.

ಏಕೆಂದರೆ ಪ್ಯಾಂಕ್ರಿಯಾಸ್‌ನ ತಲೆಭಾಗ ಇರುವುದೇ ಇಕ್ಕಟ್ಟಿನ ಜಾಗದಲ್ಲಿ. ಸಣ್ಣ ಕರುಳಿನ ಮೊದಲ ಭಾಗ ಅದನ್ನು ಸುತ್ತಿಕೊಂಡಿದೆ. ಲಿವರ್‌ನಿಂದ ಬರುವ ಪಿತ್ತನಾಳ ಅದರೊಳಗೇ ಹಾದುಹೋಗುತ್ತದೆ. ದೊಡ್ಡ ರಕ್ತನಾಳಗಳು ಬೆನ್ನಿಗೇ ಅಂಟಿಕೊಂಡಿವೆ. ತಲೆಭಾಗ ತೆಗೆಯಬೇಕೆಂದರೆ ಕರುಳಿನ ಆ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ ಎಲ್ಲವನ್ನೂ ತೆಗೆಯಬೇಕು. ಆಮೇಲೆ ಉಳಿದದ್ದನ್ನೆಲ್ಲ ಕರುಳಿಗೆ ಮತ್ತೆ ಜೋಡಿಸಬೇಕು.

1934ರ ಸುಮಾರಿಗೆ ವಿಪಲ್ ತಂಡ ಕೆಲಸಕ್ಕಿಳಿಯಿತು. ಮೊದಲ ರೋಗಿ ಆಪರೇಷನ್ ಆದ ಕೂಡಲೇ ತೀರಿಕೊಂಡರು. ಹೊಲಿಗೆ ಬಿಟ್ಟುಹೋಗಿತ್ತು. ಹೊಲಿಗೆಗೆ ಬಳಸಿದ್ದು ಕ್ಯಾಟ್‌ಗಟ್, ಅಂದರೆ ಪ್ರಾಣಿಗಳ ಕರುಳಿನಿಂದ ಮಾಡಿದ ದಾರ. ಪ್ಯಾಂಕ್ರಿಯಾಸ್‌ನ ರಸದ ಕೆಲಸವೇ ಮಾಂಸ, ಕೊಬ್ಬನ್ನು ಕರಗಿಸುವುದು. ಅದು ದಾರವನ್ನೇ ಅರಗಿಸಿಬಿಟ್ಟಿತ್ತು. ಮುಂದೆ ತಂಡ ರೇಷ್ಮೆ ದಾರ ಬಳಸಿತು. ಎರಡನೆಯ ರೋಗಿ ಕೆಲವು ತಿಂಗಳು, ಮೂರನೆಯವರು ಎರಡು ವರ್ಷಕ್ಕೂ ಹೆಚ್ಚು ಬದುಕಿದರು.

1935ರಲ್ಲಿ ವಿಪಲ್, ಪಾರ್ಸನ್ಸ್ ಮತ್ತು ಮುಲಿನ್ಸ್ ಈ ಮೂರು ಪ್ರಕರಣಗಳನ್ನು ಪ್ರಕಟಿಸಿದರು. ಮೊದಲ ಸಾವನ್ನು ಬಚ್ಚಿಡಲಿಲ್ಲ. ಬಚ್ಚಿಟ್ಟಿದ್ದರೆ ಬೇರೆ ಊರಿನ ಇನ್ನೊಬ್ಬ ಸರ್ಜನ್ ಅದೇ ದಾರ ಹಿಡಿದು ಇನ್ನೊಬ್ಬ ರೋಗಿಯನ್ನು ಕಳೆದುಕೊಳ್ಳುತ್ತಿದ್ದ. ಸರ್ಜನ್ ಸಂಶೋಧಕನೂ ಆಗಿರಬೇಕು ಎಂಬ ಮಾತಿನ ಅರ್ಥ ಇಲ್ಲಿ ಕಾಣುತ್ತದೆ.

ಕೋಪನ್‌ಹೇಗನ್ ಲ್ಯಾಬಿನಿಂದ ಬಂದ ಸಹಾಯ

ಇನ್ನೊಂದು ಅಡ್ಡಿ ಇತ್ತು. ಗಡ್ಡೆ ಪಿತ್ತನಾಳವನ್ನು ಒತ್ತಿದರೆ ಪಿತ್ತರಸ ಕರುಳಿಗೆ ಇಳಿಯುವುದಿಲ್ಲ, ಕಾಮಾಲೆ ಬರುತ್ತದೆ. ಅಂಥ ರೋಗಿಯ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಆಪರೇಷನ್ ಮಾಡಿದರೆ ರಕ್ತಸ್ರಾವ ನಿಲ್ಲದು. ಅದಕ್ಕೇ ಮೊದಲು ಪಿತ್ತರಸಕ್ಕೆ ಬೇರೆ ದಾರಿ ಮಾಡಿ, ಕೆಲವು ವಾರ ಕಾದು, ಆಮೇಲೆ ಗಡ್ಡೆ ತೆಗೆಯುವ ಎರಡು ಹಂತದ ಪದ್ಧತಿ.

ಉತ್ತರ ಸಿಕ್ಕಿದ್ದು ಕೋಳಿಮರಿಗಳಿಂದ. ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಲ್ಲಿ ರಕ್ತ ಸೋರುವುದನ್ನು ಗಮನಿಸಿ ವಿಟಮಿನ್ ಕೆ ಪತ್ತೆಹಚ್ಚಿದರು. ಈ ವಿಟಮಿನ್ನನ್ನು ಕರುಳು ಹೀರಿಕೊಳ್ಳಲು ಪಿತ್ತರಸ ಬೇಕು. ಪಿತ್ತರಸ ಇಳಿಯದಿದ್ದರೆ ವಿಟಮಿನ್ ಇಲ್ಲ, ಹೆಪ್ಪೂ ಇಲ್ಲ. ಡಾಮ್ ಮತ್ತು ಅಮೆರಿಕದ ಎಡ್ವರ್ಡ್ ಡೊಯಿಸಿ ಅವರಿಗೆ 1943ರ ನೊಬೆಲ್ ಬಂತು. ಅಷ್ಟರಲ್ಲಿ ವಿಟಮಿನ್ ಕೆ ಆಸ್ಪತ್ರೆಗಳಿಗೂ ಬಂದಿತ್ತು.

1940ರ ಮಾರ್ಚ್‌ನಲ್ಲಿ ಹೊರಗಿನಿಂದ ಬಂದ ಸರ್ಜನ್‌ಗಳ ಎದುರು ವಿಪಲ್ ಒಂದು ಆಪರೇಷನ್ ಮಾಡುತ್ತಿದ್ದರು. ಜಠರದ ಕ್ಯಾನ್ಸರ್ ಎಂದುಕೊಂಡು ಜಠರ ಕತ್ತರಿಸಿದ ಮೇಲೆ ನೋಡಿದರೆ ಗಡ್ಡೆ ಇದ್ದದ್ದು ಪ್ಯಾಂಕ್ರಿಯಾಸ್‌ನ ತಲೆಯಲ್ಲಿ. ಹಿಂದಕ್ಕೆ ಹೋಗುವಂತಿರಲಿಲ್ಲ. ರೋಗಿಗೆ ಕಾಮಾಲೆ ಇರಲಿಲ್ಲ, ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿತ್ತು. ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿದರು. ಆ ರೋಗಿ ಸುಮಾರು ಒಂಬತ್ತು ವರ್ಷ ಬದುಕಿದರು. ಆ ಗಡ್ಡೆ ಹಾರ್ಮೋನು ತಯಾರಿಸುವ ಜೀವಕೋಶಗಳದ್ದು, ಜಾಬ್ಸ್ ಅವರಿಗೆ ಬಂದ ಜಾತಿಯದ್ದೇ. ಸಾಮಾನ್ಯ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗಿಂತ ಇದು ನಿಧಾನವಾಗಿ ಬೆಳೆಯುತ್ತದೆ. ಒಂದೇ ಹಂತದಲ್ಲಿ ಮಾಡಬಹುದು ಎಂದು ಗೊತ್ತಾದ ಮೇಲೆ, ವಿಟಮಿನ್ ಕೆ ಕೊಟ್ಟು ಕಾಮಾಲೆ ಇದ್ದವರಿಗೂ ಹಾಗೆ ಮಾಡಲು ದಾರಿಯಾಯಿತು.

ವಿಪಲ್ ತಮ್ಮ ವಿಧಾನವನ್ನೂ ತಾವೇ ತಿದ್ದಿದರು. ಮೊದಲಿಗೆ ಉಳಿದ ಪ್ಯಾಂಕ್ರಿಯಾಸ್‌ನ ಬಾಯಿ ಕಟ್ಟಿಬಿಡುತ್ತಿದ್ದರು, ಅದು ಸೋರುತ್ತಿತ್ತು. ಆಮೇಲೆ ಅದನ್ನು ಕರುಳಿಗೆ ಜೋಡಿಸತೊಡಗಿದರು. ಇಡೀ ಜೀವಮಾನದಲ್ಲಿ ಅವರು ಮಾಡಿದ ಈ ಆಪರೇಷನ್‌ಗಳು 37 ಮಾತ್ರ. ಅವರ ಹೆಸರು ಉಳಿದದ್ದು ಎಣಿಕೆಯಿಂದಲ್ಲ, ಪ್ರತಿ ಸಲ ಕಲಿತದ್ದನ್ನು ಬರೆದಿಟ್ಟದ್ದರಿಂದ.

ಶಿಷ್ಯರಿಗೆ ತೋರಿಸಿದ ದಾರಿ

ಅವರ ಬಳಿ ಸರ್ಜರಿ ಕಲಿಯಲು ಬಂದವರಲ್ಲಿ ವರ್ಜಿನಿಯಾ ಆಪ್ಗರ್ ಒಬ್ಬರು. ವಿಪಲ್ ಆಕೆಗೆ ಅರಿವಳಿಕೆ ಶಾಸ್ತ್ರಕ್ಕೆ ಹೋಗುವಂತೆ ಸಲಹೆ ಕೊಟ್ಟರು. ಮಹಿಳಾ ಸರ್ಜನ್‌ಗೆ ಆ ದಿನಗಳಲ್ಲಿ ಜೀವನೋಪಾಯ ಕಷ್ಟ ಎಂಬುದು ಒಂದು ಕಾರಣ. ಒಳ್ಳೆಯ ಅರಿವಳಿಕೆ ಇಲ್ಲದೆ ಸರ್ಜರಿ ಮುಂದುವರಿಯದು ಎಂಬುದು ಇನ್ನೊಂದು. ಮೊದಲ ಕಾರಣ ಇಂದು ನಮಗೆ ಇಷ್ಟವಾಗದು. ಆದರೆ ಆ ದಾರಿಯಲ್ಲೇ ಹೋದ ಆಕೆ ಮುಂದೆ ಆಪ್ಗರ್ ಸ್ಕೋರ್ ರೂಪಿಸಿದರು. ಇಂದು ಹೆರಿಗೆ ಕೊಠಡಿಗಳಲ್ಲಿ ಮಗು ಹುಟ್ಟಿದ ಮೊದಲ ನಿಮಿಷದಲ್ಲೇ ಅದನ್ನು ಅಳೆಯುತ್ತಾರೆ.

ಸರ್ಜನ್‌ಗಳ ತರಬೇತಿಗೆ ಒಂದು ಮಟ್ಟ ಇರಬೇಕೆಂದು 1937ರಲ್ಲಿ ಹುಟ್ಟಿದ ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯ ಸ್ಥಾಪಕರಲ್ಲೂ ವಿಪಲ್ ಇದ್ದರು. ಇಂದು ಅನೇಕ ದೇಶಗಳಲ್ಲಿ ಸರ್ಜರಿ ಕಲಿಯುವವರು ನಡುವೆ ಎರಡು ಮೂರು ವರ್ಷ ಬಿಡುವು ಪಡೆದು, ಫೆಲೋಶಿಪ್ ಮೇಲೆ ಕ್ಯಾನ್ಸರ್ ಲ್ಯಾಬಿನಲ್ಲಿ ಕೆಲಸ ಮಾಡಿ, ಮತ್ತೆ ಆಪರೇಷನ್ ಕೊಠಡಿಗೆ ಮರಳುತ್ತಾರೆ. ನಮ್ಮಲ್ಲೂ ಎಂಎಸ್ ಮಾಡುವವರು ಪ್ರಬಂಧ ಬರೆಯಬೇಕು. ಕಲಿಯುವ ಕಾಲ ಇದರಿಂದ ಉದ್ದವಾಗುತ್ತದೆ, ನಿಜ. ಲಾಭ ರೋಗಿಗಳಿಗೆ. ವಿಪಲ್ 1963ರಲ್ಲಿ ತೀರಿಕೊಂಡ ಕಾಲದಲ್ಲಿ ಈ ಆಪರೇಷನ್ನಿನಿಂದ ಸಾಯುವವರು ನೂರಕ್ಕೆ ಇಪ್ಪತ್ತರಷ್ಟಿದ್ದರು. ಇಂದು ಹೆಚ್ಚು ಸಂಖ್ಯೆಯಲ್ಲಿ ಮಾಡುವ ಆಸ್ಪತ್ರೆಗಳಲ್ಲಿ ಅದು ನೂರಕ್ಕೆ ಐದಕ್ಕಿಂತ ಕಡಿಮೆ.

ನಮಗೆ ಇದರಿಂದ ಏನು?

ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಪೂರ್ತಿ ವಾಸಿಯಾಗುವ ಅವಕಾಶ ಇರುವುದು ಮುಖ್ಯವಾಗಿ ಆಪರೇಷನ್ ಸಾಧ್ಯವಾದವರಿಗೆ. ಅದರ ಜೊತೆಗೆ ಕೀಮೊಥೆರಪಿಯೂ ಬೇಕಾಗುತ್ತದೆ. ಕಷ್ಟವೆಂದರೆ, ಪತ್ತೆಯಾಗುವ ಹೊತ್ತಿಗೆ ನೂರರಲ್ಲಿ ಸುಮಾರು 15ರಿಂದ 20 ಮಂದಿಗೆ ಮಾತ್ರ ಆಪರೇಷನ್ ಮಾಡುವ ಸ್ಥಿತಿ ಇರುತ್ತದೆ. ಆಪರೇಷನ್ ಆದವರಲ್ಲೂ ಕಾಯಿಲೆ ಮರಳಬಹುದು.

ಆದ್ದರಿಂದ ದಿನಗಳು ಮುಖ್ಯ. ನಮ್ಮಲ್ಲಿ ಕಣ್ಣು ಹಳದಿಯಾದರೆ ಮೊದಲು ನಾಟಿ ಔಷಧಿಗೆ ಹೋಗುವವರು ಬಹಳ. ಸೋಂಕಿನಿಂದ ಬಂದ ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಗಡ್ಡೆ ಒತ್ತಿ ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ. ನೋವಿಲ್ಲದ ಕಾಮಾಲೆ, ಕಡುಬಣ್ಣದ ಮೂತ್ರ, ಬಿಳಿಚಿದ ಮಲ, ಮೈಯೆಲ್ಲ ತುರಿಕೆ, ಕಾರಣವಿಲ್ಲದೆ ತೂಕ ಇಳಿಯುವುದು, ದೊಡ್ಡ ವಯಸ್ಸಿನಲ್ಲಿ ತಟ್ಟನೆ ಶುರುವಾದ ಸಕ್ಕರೆ ಕಾಯಿಲೆ, ಇವು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ ಸ್ಕ್ಯಾನಿಂಗ್ ಬೇಕೇ ಎಂದು ಕೇಳಿ. ಎಲ್ಲ ಕಾಮಾಲೆಯೂ ಕ್ಯಾನ್ಸರ್ ಅಲ್ಲ, ಹೆದರಬೇಡಿ. ಪರೀಕ್ಷೆ ಮಾತ್ರ ಬಿಡಬೇಡಿ.

ವಿಪಲ್ ಆಪರೇಷನ್ ಆಗಬೇಕೆಂದು ಹೇಳಿದರೆ, ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ರೋಗಿಗಳು ಹೇಗಿದ್ದಾರೆ ಎಂದು ಆಸ್ಪತ್ರೆಯಲ್ಲಿ ಕೇಳುವುದು ನಿಮ್ಮ ಹಕ್ಕು. ಲೆಕ್ಕ ಇಟ್ಟಿರುವ ಸರ್ಜನ್ ಆ ಪ್ರಶ್ನೆಗೆ ಬೇಸರಪಡುವುದಿಲ್ಲ. ಜಾಬ್ಸ್ ಹೆಸರಿನ ಆ ಫಾರ್ವರ್ಡ್ ಮುಂದಿನ ಸಲ ಬಂದಾಗ, ಅದರ ಬದಲು ಇದನ್ನು ಕಳಿಸಿ.