ಕೇಬಲ್ಲಿನ ಹಿಂದಿನ ಮನುಷ್ಯ: ಆಲಿವರ್ ಹೆವಿಸೈಡ್

ಎಲೆಕ್ಟ್ರಾನಿಕ್ಸ್ ಓದುವವರಿಗೆ ಹೆವಿಸೈಡ್ ಹೊಸಬನಲ್ಲ. ಆದರೆ ಅವನ ಸೂತ್ರಗಳು ಪಠ್ಯದಲ್ಲಿವೆ, ಬದುಕು ಇಲ್ಲ.

ಹುಟ್ಟಿದ್ದು 1850ರಲ್ಲಿ, ಲಂಡನ್ನಿನಲ್ಲಿ, ಬಡತನದ ಮನೆಯಲ್ಲಿ. ಚಿಕ್ಕಂದಿನಲ್ಲಿ ಬಂದ ಸ್ಕಾರ್ಲೆಟ್ ಜ್ವರದಿಂದ ಕಿವಿ ಮಂದವಾಯಿತು. ಹದಿನಾರಕ್ಕೇ ಶಾಲೆ ಮುಗಿಯಿತು. 1868ರಲ್ಲಿ ಡೆನ್ಮಾರ್ಕಿಗೆ ಹೋಗಿ ಟೆಲಿಗ್ರಾಫ್ ಕೆಲಸಕ್ಕೆ ಸೇರಿದ. ನಮ್ಮ ಮದ್ರಾಸಿನಿಂದ ಪಿನಾಂಗಿಗೆ ಸಮುದ್ರದಡಿಯ ತಂತಿ ಬಂದದ್ದೂ ಅದೇ ಕಾಲಕ್ಕೆ, 1871ರಲ್ಲಿ. ಇಂಥ ಉದ್ದದ ತಂತಿಗಳಲ್ಲಿ ಈ ತುದಿಯಿಂದ ಹೊರಟ ಸಂಕೇತ ಆ ತುದಿಗೆ ಮುಟ್ಟುವಾಗ ಕಲಸಿಹೋಗುತ್ತಿತ್ತು. ಯಾಕೆ ಹೀಗೆ ಅನ್ನೋ ಪ್ರಶ್ನೆ ಅವನನ್ನು ಹಿಡಿದುಬಿಟ್ಟಿತು. 1874ರಲ್ಲಿ ನೌಕರಿ ಬಿಟ್ಟವನು ಮತ್ತೆ ಯಾರ ಕೈಕೆಳಗೂ ದುಡಿಯಲಿಲ್ಲ. ಅಪ್ಪ ಅಮ್ಮನ ಮನೆಯಲ್ಲಿ ಕೂತು ಮ್ಯಾಕ್ಸ್‌ವೆಲ್ಲನ ಗ್ರಂಥವನ್ನು ತಾನೇ ಓದಿ ಅರಗಿಸಿಕೊಂಡ. ನಾವು ಬಾಯಿಪಾಠ ಮಾಡುವ ನಾಲ್ಕು ಸಮೀಕರಣಗಳಿಗೆ ಆ ರೂಪ ಕೊಟ್ಟವನು ಅವನೇ. ಒಂದು ತಂತಿಯ ಸುತ್ತ ಕೊಳವೆಯಂತೆ ಇನ್ನೊಂದು ವಾಹಕವಿರುವ ಕೋಆಕ್ಸಿಯಲ್ ಕೇಬಲ್ಲಿಗೆ 1880ರಲ್ಲಿ ಪೇಟೆಂಟ್ ಪಡೆದ. ಇಂಪೀಡೆನ್ಸ್ ಅನ್ನೋ ಪದವೂ ಅವನದೇ.

ಆ ಪದದ ಬೆಲೆ ನನಗೆ ತಿಳಿದದ್ದು ಮೌಂಟ್ ರೋಡ್ ಪಕ್ಕದ ರಿಚಿ ಸ್ಟ್ರೀಟಿನಲ್ಲಿ. ಪ್ರಾಜೆಕ್ಟಿನ ಆಂಟೆನಾ ಅಳೆಯಲು ಕೇಬಲ್ ಬೇಕಿತ್ತು. ಟಿ.ವಿ.ಗೆ ಹಾಕೋ 75 ಓಮಿನದು ಅಗ್ಗ. ನಮ್ಮ ಉಪಕರಣ 50 ಓಮಿನದು. ಎರಡೂ ಕಪ್ಪಗೇ ಇವೆ, ಯಾವುದಾದರೇನಪ್ಪಾ ಅಂತ ಗೆಳೆಯನ ವಾದ. ಅಲ್ಲೇ ಲೆಕ್ಕ ಹಾಕಿದೆವು. 50ಕ್ಕೆ 75 ಸೇರಿದ ಜಾಗದಲ್ಲಿ ಅಲೆಯ ವೋಲ್ಟೇಜಿನ ಐದರಲ್ಲೊಂದು ಪಾಲು, ಅಂದರೆ ಶಕ್ತಿಯಲ್ಲಿ ನೂರಕ್ಕೆ ನಾಲ್ಕು, ಹಿಂದಕ್ಕೆ ತಿರುಗುತ್ತದೆ. ಟಿ.ವಿ. ನೋಡೋಕೆ ಅದು ದೊಡ್ಡದಲ್ಲ; ಅಳತೆಯಲ್ಲಿ ಆ ಮರಳಿದ ಅಲೆಯೇ ಸುಳ್ಳು ಹೇಳುತ್ತದೆ. ಈ ಓಮು ಮಲ್ಟಿಮೀಟರಿಗೆ ಸಿಗುವಂಥದ್ದಲ್ಲ. ಒಳತಂತಿ ಮತ್ತು ಹೊರಕವಚದ ವ್ಯಾಸಗಳ ಅನುಪಾತ, ನಡುವಿನ ಪ್ಲಾಸ್ಟಿಕ್, ಇವೇ ಅದನ್ನು ನಿರ್ಧರಿಸುತ್ತವೆ. ಆವರ್ತನ ಏರಿದಂತೆ ನಷ್ಟವೂ ಏರುವುದರಿಂದ ಉದ್ದ ಬೇಕಾದಷ್ಟೇ ಇರಬೇಕು. ಬಿ.ಎನ್.ಸಿ. ಕನೆಕ್ಟರಿನಲ್ಲೂ 50, 75 ಅಂತ ಎರಡು ಬಗೆಯಿವೆ, ಅದನ್ನೂ ನೋಡಿ ಕೊಳ್ಳಬೇಕು. ಕೊನೆಗೆ ಆರ್‌ಜಿ-58 ಎರಡು ಮೀಟರು ತಂದೆವು.

ಹೆವಿಸೈಡನ ಲೆಕ್ಕ ಅವನ ಕಾಲದಲ್ಲಿ ಇಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ತಂತಿಗೆ ಇಂಡಕ್ಟೆನ್ಸ್ ಸೇರಿಸಿದರೆ ದೂರದ ಮಾತು ಕೆಡದೆ ಮುಟ್ಟುತ್ತದೆಂದು 1887ರಲ್ಲಿ ತೋರಿಸಿದ. ಬ್ರಿಟಿಷ್ ಅಂಚೆ ಇಲಾಖೆಯ ಪ್ರೀಸ್ ಸುತರಾಂ ಒಪ್ಪಲಿಲ್ಲ. ಅಣ್ಣನ ಜೊತೆ ಬರೆದ ಲೇಖನಕ್ಕೆ ತಡೆಬಿತ್ತು. 1900ರಲ್ಲಿ ಅಮೆರಿಕದ ಪ್ಯೂಪಿನ್ ಅದೇ ದಾರಿಯಲ್ಲಿ ಪೇಟೆಂಟ್ ಪಡೆದು ಶ್ರೀಮಂತನಾದ. ಇತ್ತ ಹೆವಿಸೈಡ್, ಸ್ನೇಹಿತರು ಏರ್ಪಡಿಸಿದ ಸಹಾಯಧನವನ್ನು ದಾನವೆಂದು ಬೇಡವೆಂದಿದ್ದ. ಆಕಾಶದಲ್ಲಿ ರೇಡಿಯೋ ಅಲೆಯನ್ನು ಬಾಗಿಸುವ ಪದರವಿರಬೇಕೆಂದು 1902ರಲ್ಲಿ ಬರೆದ. ಆಪಲ್‌ಟನ್ ಅದನ್ನು ಪ್ರಯೋಗದಿಂದ ತೋರಿಸಿದ್ದು 1924ರ ಕೊನೆಗೆ. 1925ರ ಫೆಬ್ರವರಿಯಲ್ಲಿ ಹೆವಿಸೈಡ್ ತೀರಿಕೊಂಡ.

ಕನ್ನಡ ಮಾಧ್ಯಮದಿಂದ ಬಂದು ಈ ಊರಿನ ಕ್ಲಾಸಿನಲ್ಲಿ ಬಾಯಿ ಬಿಡಲು ಹೆದರುವ ನನ್ನಂಥವರಿಗೆ ಈ ಬದುಕು ಧೈರ್ಯ ಕೊಡುತ್ತದೆ. ಡಿಗ್ರಿಯಿಲ್ಲದ, ಕಿವಿ ಸರಿಯಿಲ್ಲದ ಒಬ್ಬ ಮನುಷ್ಯ ದೊಡ್ಡ ಅಧಿಕಾರಿಯ ಎದುರು ತನ್ನ ಲೆಕ್ಕ ಬಿಟ್ಟುಕೊಡಲಿಲ್ಲ. ಗೆಳೆಯರೇ, ಮುಂದಿನ ಸಲ ಕೇಬಲ್ ಕೊಳ್ಳುವಾಗ ಬೆಲೆಗಿಂತ ಮೊದಲು ಓಮು ಕೇಳಿ.